ಗಂಟೆಯ ಲೆಕ್ಕ, ಕಿಲೋಮೀಟರಿನ ಲೆಕ್ಕ

— ಚಿಕ್ಕಪ್ಪ, ಚಿಕ್ಕಮ್ಮ ನಿಮ್ಮ ಮೇಲೆ ಒಂದು ದೂರು ಹೇಳಿದ್ದಾರೆ. ಬಳ್ಳಾರಿಗೆ ಹೋಗುವಾಗ ಹಿರಿಯೂರು ದಾಟಿದ ಮೇಲೆ ನೀವು ಕಾರಿನ ಎ.ಸಿ. ಆಫ್ ಮಾಡಿಬಿಡ್ತೀರಂತೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಹೊರಗೆ 40 ಡಿಗ್ರಿ. ಅವರಿಗೆ ಬಿ.ಪಿ. ಬೇರೆ ಇದೆ.

— ಆಫ್ ಮಾಡದೆ ಏನು ಮಾಡಲಮ್ಮ? ಎ.ಸಿ. ಹಾಕಿದ ಕೂಡಲೇ ಮುಂದಿರೋ ಪರದೆಯಲ್ಲಿ ರೇಂಜ್ ಸರಸರ ಇಳಿಯುತ್ತೆ. 190 ಕಿ.ಮೀ. ತೋರಿಸ್ತಿದ್ದದ್ದು ನೋಡ್ತಾ ನೋಡ್ತಾ 155ಕ್ಕೆ ಬರುತ್ತೆ. ಚಳ್ಳಕೆರೆ ದಾಟಿದ ಮೇಲೆ ಎಲ್ಲಾದರೂ ನಿಂತುಹೋದರೆ ಆ ಬಿಸಿಲಲ್ಲಿ ಇಬ್ಬರು ವಯಸ್ಸಾದವರು ಏನು ಮಾಡಬೇಕು? ಹಳೇ ಡೀಸೆಲ್ ಕಾರಿನಲ್ಲಿ ವರ್ಷಗಟ್ಟಲೆ ಓಡಾಡಿದೆ, ಒಂದು ದಿನವೂ ಎ.ಸಿ. ಬಗ್ಗೆ ಯೋಚನೆ ಮಾಡಿದವನಲ್ಲ. ನೀನು ಸ್ವೀಡನ್ನಿನಲ್ಲಿ ಕಾರಿನೊಳಗಿನ ಬಿಸಿ, ತಂಪು ನೋಡಿಕೊಳ್ಳೋ ಕೆಲಸವನ್ನೇ ಮಾಡೋಳು. ನೀನೇ ಹೇಳು, ಈ ಕಾರಿಗೆ ಎ.ಸಿ. ಅಂದರೆ ಯಾಕಿಷ್ಟು ಭಾರ?

— ಅಷ್ಟೇನೂ ಭಾರ ಇಲ್ಲ. ಒಂದು ಕಾಗದ ತಗೊಳ್ಳಿ, ಲೆಕ್ಕ ಹಾಕೇಬಿಡೋಣ. ನಿಮ್ಮ ಬ್ಯಾಟರಿ ಎಷ್ಟರದ್ದು?

— 40 ಕಿಲೋವ್ಯಾಟ್ ಅವರ್ ಅಂತ ಷೋರೂಮಿನವರು ಹೇಳಿದ್ದರು.

— ಅದನ್ನು 40 ಯೂನಿಟ್ ಅಂತಲೇ ಅನ್ನೋಣ. ಬೆಸ್ಕಾಂ ಬಿಲ್ಲಿನಲ್ಲಿ ಬರುತ್ತಲ್ಲ, ಅದೇ ಯೂನಿಟ್. ಹೆದ್ದಾರಿಯಲ್ಲಿ 80ರ ವೇಗದಲ್ಲಿ ಹೋದರೆ ನಿಮ್ಮ ಗಾಡಿ ಯೂನಿಟ್ಟಿಗೆ ಆರೂವರೆ ಕಿ.ಮೀ. ಕೊಡುತ್ತೆ. ಅಂದರೆ ಒಂದು ಗಂಟೆ ಓಡೋದಕ್ಕೆ ಸುಮಾರು 12 ಯೂನಿಟ್ ಬೇಕು. ಇನ್ನು ಎ.ಸಿ.: ಕಾರಿನ ಒಳಗು ಒಂದು ಸಲ ತಣ್ಣಗಾದ ಮೇಲೆ, ಬಳ್ಳಾರಿ ಬಿಸಿಲಲ್ಲೂ ಗಂಟೆಗೆ ಒಂದರಿಂದ ಒಂದೂವರೆ ಯೂನಿಟ್. ಒಂದೂವರೆಯನ್ನೇ ಹಿಡಿಯೋಣ. 40 ಯೂನಿಟ್ಟಿಗೆ ಎ.ಸಿ. ಇಲ್ಲದೆ 260 ಕಿ.ಮೀ. ಹೋಗೋ ಗಾಡಿ, ಎ.ಸಿ. ಹಾಕಿದರೆ 232 ಹೋಗುತ್ತೆ. ಪೂರ್ತಿ ಬ್ಯಾಟರಿಗೆ 28 ಕಿ.ಮೀ. ಕಮ್ಮಿ. ಅದಕ್ಕೆ ಚಿಕ್ಕಮ್ಮನನ್ನು ಬೇಯಿಸಬೇಕಾ?

— ಹಾಗಾದರೆ ಪರದೆ 35 ಕಿ.ಮೀ. ಒಟ್ಟಿಗೇ ಇಳಿಸಿದ್ದು ಯಾಕೆ?

— ನೀವು ಊಟಕ್ಕೆ ಅಂತ ಹಿರಿಯೂರಲ್ಲಿ ಬಿಸಿಲಿಗೆ ನಿಲ್ಲಿಸಿದ್ದಿರಿ. ಒಳಗೆ 55, 60 ಡಿಗ್ರಿ ಆಗಿರುತ್ತೆ. ಅದನ್ನು 25ಕ್ಕೆ ತರೋ ಮೊದಲ ಹತ್ತು ನಿಮಿಷ ಕಂಪ್ರೆಸರ್ ಪೂರ್ತಿ ಶಕ್ತಿ ಹಾಕಿ ದುಡಿಯುತ್ತೆ, ಮೂರರಿಂದ ನಾಲ್ಕು ಕಿಲೋವ್ಯಾಟ್ ಎಳೆಯುತ್ತೆ. ಎಷ್ಟೋ ಕಾರುಗಳ ಪರದೆ ಆ ಹತ್ತು ನಿಮಿಷದ ಖರ್ಚನ್ನೇ ದಾರಿ ಮುಗಿಯೋವರೆಗೂ ಹಂಚಿ ರೇಂಜ್ ತೋರಿಸುತ್ತೆ. ಹತ್ತು ನಿಮಿಷ ತಾಳಿಕೊಂಡು ನೋಡಿ, ಅದು ಇಳಿಯೋದು ನಿಧಾನವಾಗುತ್ತೆ. ನೀವು ಅಷ್ಟು ಹೊತ್ತಿಗೆ ಗಾಬರಿಯಾಗಿ ಆಫ್ ಮಾಡಿರ್ತೀರಿ. ಅಂದರೆ ತಣ್ಣಗೆ ಮಾಡೋ ದೊಡ್ಡ ಖರ್ಚು ಮಾಡಿಸಿ, ಅದರ ಸುಖ ಅನುಭವಿಸೋ ಹೊತ್ತಿಗೆ ನಿಲ್ಲಿಸಿಬಿಡ್ತೀರಿ. ಸೆಖೆ ತಡೆಯಲಾರದೆ ಅರ್ಧ ಗಂಟೆ ಬಿಟ್ಟು ಮತ್ತೆ ಹಾಕ್ತೀರಿ, ಮತ್ತೆ ಅದೇ ಖರ್ಚು.

— ಕಿಟಕಿ ಇಳಿಸಿಕೊಂಡು ಹೋಗ್ತೀವಲ್ಲ, ಅದಕ್ಕೇನೂ ಖರ್ಚಿಲ್ಲ.

— ಊರೊಳಗೆ 40ರ ವೇಗದಲ್ಲಿ ಖರ್ಚಿಲ್ಲ. ಹೆದ್ದಾರಿಯಲ್ಲಿ ಕಿಟಕಿ ತೆಗೆದರೆ ಒಳಗೆ ನುಗ್ಗೋ ಗಾಳಿ ಕಾರನ್ನು ಹಿಂದಕ್ಕೆ ಎಳೆಯುತ್ತೆ, ಮೋಟಾರು ಅಷ್ಟೂ ಹೆಚ್ಚು ದುಡಿಯಬೇಕು. ಗಾಳಿಯ ತಡೆ ವೇಗದ ವರ್ಗದ ಪ್ರಮಾಣದಲ್ಲಿ ಏರುತ್ತೆ. ನಿಮ್ಮಂಥ ಗಾಡಿಯಲ್ಲಿ 100ರಲ್ಲಿ ಹೋಗೋದನ್ನು 90ಕ್ಕೆ ಇಳಿಸಿದರೆ ಕಿ.ಮೀ.ಗೆ ಎಷ್ಟು ಉಳಿಯುತ್ತೋ, ಎ.ಸಿ. ಹೆಚ್ಚುಕಮ್ಮಿ ಅಷ್ಟೇ ತಿನ್ನೋದು. ರೇಂಜ್ ಬೇಕು ಅಂದರೆ ಬಲಗಾಲನ್ನು ಸ್ವಲ್ಪ ಮೇಲಕ್ಕೆತ್ತಿ. ಎ.ಸಿ. ಸ್ವಿಚ್ಚಿನ ತಂಟೆಗೆ ಹೋಗಬೇಡಿ.

— ಸರಿ, ಹೆದ್ದಾರಿ ಮಾತು ಒಪ್ಪಿದೆ. ಆದರೆ ಇಲ್ಲೇ ಬೆಂಗಳೂರಲ್ಲಿ, ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಿಹಾಕಿಕೊಂಡಾಗ? ಗಾಡಿ ಓಡಿದ್ದು 15 ಕಿ.ಮೀ., ಚಾರ್ಜು ಮಾತ್ರ ಎರಡರಷ್ಟು ಹೋಗಿರುತ್ತೆ.

— ನಿಜ. ಗಾಡಿ ಓಡಿಸೋ ಖರ್ಚು ಕಿ.ಮೀ. ಲೆಕ್ಕದ್ದು, ಎ.ಸಿ. ಖರ್ಚು ಗಂಟೆ ಲೆಕ್ಕದ್ದು. ಎ.ಸಿ.ಗೆ ಗಾಡಿ ಓಡ್ತಾ ಇದೆಯೋ ನಿಂತಿದೆಯೋ ಗೊತ್ತೇ ಇಲ್ಲ. ಜಾಮಿನಲ್ಲಿ ಒಂದು ಗಂಟೆಯಲ್ಲಿ 15 ಕಿ.ಮೀ. ತೆವಳಿದಿರಿ ಅನ್ನಿ. ಚಕ್ರಕ್ಕೆ ಸುಮಾರು 1.7 ಯೂನಿಟ್ ಹೋಗುತ್ತೆ, ಎ.ಸಿ.ಗೆ ಒಂದೂವರೆ. ಖರ್ಚಿನಲ್ಲಿ ಅರ್ಧದ ಹತ್ತಿರ ಹತ್ತಿರ ಎ.ಸಿ.ಯದ್ದೇ ಆಯಿತು. ಪಾಲು ನೋಡಿದರೆ ಹೆದರಿಕೆ ಆಗುತ್ತೆ. ಮೊತ್ತ ನೋಡಿ: 40ರಲ್ಲಿ ಮೂರು ಚಿಲ್ಲರೆ. ಆ ಜಾಮಿನಲ್ಲಿ ಇಡೀ ದಿನ ಎ.ಸಿ. ಹಾಕಿಕೊಂಡು ಸುಮ್ಮನೆ ನಿಂತರೂ ಬ್ಯಾಟರಿ 24 ಗಂಟೆ ದಾಟಿ ಬರುತ್ತೆ.

— ಡೀಸೆಲ್ ಗಾಡಿಯಲ್ಲಿ ಇದ್ಯಾವುದೂ ಕಾಣ್ತಿರಲಿಲ್ಲವಲ್ಲ!

— ಕಾಣ್ತಿರಲಿಲ್ಲ ಅಷ್ಟೇ, ಖರ್ಚು ಇತ್ತು. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇರುತ್ತೆ. 45 ಲೀಟರ್ ಟ್ಯಾಂಕು ಅಂದರೆ 450 ಯೂನಿಟ್. ನಿಮ್ಮ ಈಗಿನ ಬ್ಯಾಟರಿಯ ಹನ್ನೊಂದು ಪಟ್ಟು. ಎ.ಸಿ. ಹಾಕಿಕೊಂಡು ಎಂಜಿನ್ ಚಾಲೂ ಇಟ್ಟು ನಿಂತರೆ ಗಂಟೆಗೆ ಮುಕ್ಕಾಲು ಲೀಟರಿನಿಂದ ಒಂದು ಲೀಟರ್ ಸುಡ್ತಿತ್ತು, ಅಂದರೆ ಎಂಟು ಹತ್ತು ಯೂನಿಟ್. ಈಗ ಅದೇ ತಂಪಿಗೆ ಒಂದೂವರೆ. ಅಷ್ಟು ದೊಡ್ಡ ಟ್ಯಾಂಕಿನಲ್ಲಿ ಹತ್ತು ಯೂನಿಟ್ ಹೋದರೂ ಮುಳ್ಳು ಅಲುಗ್ತಿರಲಿಲ್ಲ. ಅಲ್ಲದೆ ಎಂಜಿನ್ನು ಡೀಸೆಲ್ಲಿನ ಶಕ್ತಿಯಲ್ಲಿ ಮೂರರಲ್ಲಿ ಎರಡು ಪಾಲು ಬರೀ ಶಾಖ ಮಾಡಿ ರೇಡಿಯೇಟರು, ಸೈಲೆನ್ಸರಿನಿಂದ ಹೊರಗೆ ಬಿಡ್ತಿತ್ತು. ಅಷ್ಟು ಪೋಲಿನ ನಡುವೆ ಎ.ಸಿ. ಯಾರ ಕಣ್ಣಿಗೆ ಬೀಳಬೇಕು? ಎಲೆಕ್ಟ್ರಿಕ್ ಮೋಟಾರು ಹಾಗಲ್ಲ. ಕೊಟ್ಟ ವಿದ್ಯುತ್ತಿನಲ್ಲಿ 90 ಭಾಗ ಚಕ್ರಕ್ಕೇ ಹೋಗುತ್ತೆ. ಓಡೋದಕ್ಕೆ ಇಷ್ಟು ಕಮ್ಮಿ ತಗೊಳ್ಳೋದರಿಂದಲೇ ಎ.ಸಿ. ಪಾಲು ಎದ್ದು ಕಾಣೋದು.

— ಆ ಪೋಲಾಗೋ ಶಾಖದಿಂದಲೇ ಅಲ್ಲವಾ ಡೀಸೆಲ್ ಗಾಡಿಯಲ್ಲಿ ಹೀಟರ್ ನಡೀತಿದ್ದದ್ದು? ಡಿಸೆಂಬರಿನಲ್ಲಿ ಊಟಿಗೆ ಹೋದಾಗ ಹಾಕಿಕೊಂಡದ್ದು ನೆನಪಿದೆ.

— ಅದೇ. ಎಂಜಿನ್ನಿನ ಬಿಸಿ ಕೂಲಂಟನ್ನು ಡ್ಯಾಷ್‌ಬೋರ್ಡಿನ ಹಿಂದಿರೋ ಒಂದು ಪುಟ್ಟ ರೇಡಿಯೇಟರಿಗೆ ತಿರುಗಿಸಿ, ಅದರ ಮೇಲೆ ಗಾಳಿ ಊದೋದು. ಬಿಟ್ಟಿ ಶಾಖ. ಎಲೆಕ್ಟ್ರಿಕ್ ಕಾರಿನಲ್ಲಿ ಆ ಬಿಟ್ಟಿ ಶಾಖ ಇಲ್ಲ. ನಿಮಗೆ ಇಲ್ಲಿ ಎ.ಸಿ. ಚಿಂತೆ, ನಮಗೆ ಅಲ್ಲಿ ಹೀಟರ್ ಚಿಂತೆ. ಹೀಟರ್ ಚಿಂತೆಯೇ ದೊಡ್ಡದು.

— ತಂಪು ಮಾಡೋದಕ್ಕಿಂತ ಬಿಸಿ ಮಾಡೋದು ಕಷ್ಟವಾ? ನನಗೆ ಉಲ್ಟಾ ಅನ್ನಿಸುತ್ತೆ.

— ಎಷ್ಟು ಡಿಗ್ರಿ ದಾಟಿಸಬೇಕು ಅಂತ ನೋಡಿ. ಬಳ್ಳಾರಿಯಲ್ಲಿ ಹೊರಗೆ 40, ಒಳಗೆ 25 ಸಾಕು. 15 ಡಿಗ್ರಿ ಅಂತರ. ಗೋಥೆನ್‌ಬರ್ಗಿನಲ್ಲಿ ನಾವಿರೋ ಕಡೆ ಸಮುದ್ರ ಹತ್ತಿರ, ಚಳಿ ಅಷ್ಟು ವಿಪರೀತ ಅಲ್ಲ. ಆದರೆ ಉತ್ತರದಲ್ಲಿ ಆರ್ಯೆಪ್ಲೋಗ್ ಅಂತ ಒಂದು ಪುಟ್ಟ ಊರಿದೆ. ಚಳಿಗಾಲದಲ್ಲಿ ಅಲ್ಲಿನ ಕೆರೆಗಳು ಗಟ್ಟಿ ಮಂಜಾಗುತ್ತವೆ, ಜಗತ್ತಿನ ಕಾರು ಕಂಪನಿಗಳೆಲ್ಲ ಆ ಮಂಜಿನ ಮೇಲೆ ಹೊಸ ಗಾಡಿಗಳನ್ನು ಓಡಿಸಿ ಪರೀಕ್ಷೆ ಮಾಡ್ತವೆ. ಬೆಳಿಗ್ಗೆ ಎದ್ದರೆ ಮೈನಸ್ 25. ಒಳಗೆ 20 ಬೇಕು ಅಂದರೆ 45 ಡಿಗ್ರಿ ಅಂತರ. ಬಳ್ಳಾರಿಯ ಮೂರು ಪಟ್ಟು. ಅಲ್ಲಿ ಕಾರಿನ ಬಾಗಿಲು ತೆಗೆದರೆ ಸೀಟಿನ ಫೋಮ್ ಮರದ ಹಲಗೆಯಾಗಿರುತ್ತೆ. ಉಸಿರು ಬಿಟ್ಟರೆ ಒಳಗಿನಿಂದಲೇ ಗಾಜಿನ ಮೇಲೆ ಮಂಜು ಕೂತುಕೊಳ್ಳುತ್ತೆ. ಗಾಜು ಕಾಣಬೇಕಾದರೆ ಹೊರಗಿನ ಒಣ ಗಾಳಿಯನ್ನೇ ಒಳಗೆ ತಗೋಬೇಕು, ಒಳಗಿನ ಬೆಚ್ಚನೆ ಗಾಳಿಯನ್ನೇ ಸುತ್ತಿಸಿಕೊಂಡು ಇರೋ ಹಾಗಿಲ್ಲ. ಹಾಗಾಗಿ ಮೈನಸ್ 25ರ ಗಾಳಿಯನ್ನು ಕ್ಷಣಕ್ಷಣವೂ ಹೊಸದಾಗಿ ಕಾಯಿಸ್ತಾನೇ ಇರಬೇಕು.

— ಅಷ್ಟಕ್ಕೂ ಬ್ಯಾಟರಿಯೇ ಗತಿ.

— ಬ್ಯಾಟರಿಯೇ. ಅದಕ್ಕೂ ಚಳಿ ಆಗಿಬರೋದಿಲ್ಲ. ಒಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತೆ, ವೇಗವಾಗಿ ಚಾರ್ಜ್ ತುಂಬಿದರೆ ಒಳಗೆ ಲಿಥಿಯಂ ಲೋಹವಾಗಿ ಕೂತು ಬ್ಯಾಟರಿ ಹಾಳಾಗುತ್ತೆ. ಅದಕ್ಕೆ ಕಾರೇ ಚಾರ್ಜಿಂಗನ್ನು ತಡೆ ಹಿಡಿಯುತ್ತೆ, ಮೊದಲು ಬ್ಯಾಟರಿಯನ್ನು ಬೆಚ್ಚಗೆ ಮಾಡಿಕೊಳ್ಳುತ್ತೆ. 2024ರ ಜನವರಿಯಲ್ಲಿ ಷಿಕಾಗೋದಲ್ಲಿ ಶೀತಗಾಳಿ ಬೀಸಿದಾಗ ಚಾರ್ಜರುಗಳ ಮುಂದೆ ಕಾರುಗಳು ಸಾಲುಗಟ್ಟಿ ನಿಂತಿದ್ದ ಚಿತ್ರ ನೀವೂ ನೋಡಿರ್ತೀರಿ. ಹಾಗಂತ ಚಳಿಯ ದೇಶದಲ್ಲಿ ಈ ಕಾರು ನಡೆಯೋದಿಲ್ಲ ಅನ್ನೋ ಮಾತೂ ಸುಳ್ಳು. ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ 89 ಎಲೆಕ್ಟ್ರಿಕ್.

— ಚಳಿಯಲ್ಲಿ ಎಷ್ಟು ರೇಂಜ್ ಹೋಗುತ್ತೆ, ಯಾರಾದರೂ ಸರಿಯಾಗಿ ಅಳೆದಿದ್ದಾರಾ?

— ಅಮೆರಿಕದಲ್ಲಿ ಎ.ಎ.ಎ. ಅಂತ ವಾಹನ ಸವಾರರ ದೊಡ್ಡ ಸಂಘ ಇದೆ. ಅವರು 2019ರಲ್ಲಿ ಐದು ಬೇರೆ ಬೇರೆ ಎಲೆಕ್ಟ್ರಿಕ್ ಕಾರುಗಳನ್ನು ಹಿಡಿದು ನೋಡಿದರು. ಮೈನಸ್ 7 ಡಿಗ್ರಿಯಲ್ಲಿ ಹೀಟರ್ ಹಾಕದೆ ಓಡಿಸಿದರೆ ರೇಂಜ್ 12 ಶೇಕಡಾ ಕಮ್ಮಿ. ಹೀಟರ್ ಹಾಕಿದರೆ 41 ಶೇಕಡಾ. 35 ಡಿಗ್ರಿ ಬಿಸಿಲಲ್ಲಿ ಎ.ಸಿ. ಇಲ್ಲದೆ 4 ಶೇಕಡಾ, ಎ.ಸಿ. ಹಾಕಿದರೆ 17. ಚಳಿಯೇ ರೇಂಜ್ ತಿನ್ನುತ್ತೆ ಅಂತ ಜನ ಅಂದುಕೊಂಡಿದ್ದರು. ಚಳಿಗಿಂತ ಹೆಚ್ಚು ತಿಂದದ್ದು ಹೀಟರ್.

— 41! ಅದು ಬಹಳ ಆಯ್ತಲ್ಲಮ್ಮ. ಎ.ಸಿ.ಯ ಎರಡು ಪಟ್ಟಿಗೂ ಮೇಲೆ.

— ಡಿಗ್ರಿ ಅಂತರ ಒಂದು ಕಾರಣ. ಇನ್ನೊಂದು, ಆಗಿನ ಬಹಳ ಕಾರುಗಳಲ್ಲಿ ಹೀಟರ್ ಅಂದರೆ ಬರೀ ಕಾಯಿಲ್. ವಿದ್ಯುತ್ ಹರಿಸಿದರೆ ಕಾಯುತ್ತೆ. ಒಂದು ಯೂನಿಟ್ ಕೊಟ್ಟರೆ ಒಂದು ಯೂನಿಟ್ ಶಾಖ, ಅದಕ್ಕಿಂತ ಒಂದು ಕೂದಲಷ್ಟೂ ಹೆಚ್ಚು ಬರೋದಿಲ್ಲ. ಎ.ಸಿ. ಹಾಗಲ್ಲ. ಎ.ಸಿ. ತಂಪನ್ನು ತಯಾರು ಮಾಡೋದಿಲ್ಲ, ಒಳಗಿರೋ ಶಾಖವನ್ನು ಎತ್ತಿ ಹೊರಗೆ ಹಾಕುತ್ತೆ. ಒಂದು ಯೂನಿಟ್ ವಿದ್ಯುತ್ತಿಗೆ ಎರಡು ಮೂರು ಯೂನಿಟ್ ಶಾಖ ಸಾಗಿಸುತ್ತೆ.

— ಹಾಗಾದರೆ ಅದನ್ನೇ ತಿರುಗಿಸಿ ಹಾಕಿದರೆ? ಹೊರಗಿನ ಶಾಖವನ್ನು ಒಳಗೆ ತರಬಹುದಲ್ಲ?

— ನೀವು ಎಂಜಿನಿಯರಿಂಗ್ ಓದಬೇಕಿತ್ತು ಚಿಕ್ಕಪ್ಪ. ಅದೇ ಹೀಟ್ ಪಂಪ್. ಅಡುಗೆಮನೆ ಫ್ರಿಜ್ಜಿನ ಹಿಂಭಾಗಕ್ಕೆ ಕೈ ಇಟ್ಟರೆ ಬೆಚ್ಚಗಿರುತ್ತಲ್ಲ, ಹಾಲು, ತರಕಾರಿಯಿಂದ ತೆಗೆದ ಶಾಖ ಅಲ್ಲಿ ಬಂದು ಬೀಳೋದು. ಫ್ರಿಜ್ಜಿನ ಬಾಗಿಲನ್ನು ಹೊರಗಿನ ಚಳಿಗೆ ತೆರೆದಿಟ್ಟು, ಹಿಂಭಾಗವನ್ನು ಕಾರಿನೊಳಗೆ ಇಟ್ಟ ಹಾಗೆ. ಮೈನಸ್ 5ರ ಗಾಳಿಯಲ್ಲೂ ಶಾಖ ಇರುತ್ತೆ, ಅದಕ್ಕಿಂತ ತಣ್ಣಗಿರೋ ದ್ರವವನ್ನು ಅಲ್ಲಿ ಓಡಿಸಿದರೆ ಆ ಶಾಖ ಅದರೊಳಕ್ಕೆ ಹರಿಯುತ್ತೆ. ನಿಸ್ಸಾನ್ ಲೀಫ್ 2013ರ ಮಾದರಿಯಲ್ಲೇ ಇದನ್ನು ತಂತು. 2020ರಲ್ಲಿ ಟೆಸ್ಲಾ ಮಾಡೆಲ್ ವೈ ಬಂದ ಮೇಲೆ ಎಲ್ಲರೂ ಇದರ ಬಗ್ಗೆ ಮಾತಾಡೋಕೆ ಶುರು ಮಾಡಿದರು. ಸೊನ್ನೆ ಡಿಗ್ರಿ ಆಸುಪಾಸಿನಲ್ಲಿ ಹೀಟರಿನ ಖರ್ಚು ಅರ್ಧಕ್ಕೆ ಇಳಿಯಬಹುದು. ಮೈನಸ್ 15, 20ಕ್ಕೆ ಹೋದರೆ ಅದೂ ಏದುಸಿರು ಬಿಡುತ್ತೆ. ಹೊರಗಿನ ರೇಡಿಯೇಟರಿನ ಮೇಲೆ ಹಿಮ ಕಟ್ಟುತ್ತೆ, ಆಗಾಗ ನಿಲ್ಲಿಸಿ ಕರಗಿಸಬೇಕು.

— ನಮ್ಮ ಗಾಡಿಯಲ್ಲಿ ಅದಿದೆಯಾ?

— ಬೆಂಗಳೂರಿಗೆ ಯಾಕೆ ಬೇಕು? ಡಿಸೆಂಬರಿನ ಬೆಳಗಿನ ಜಾವ 15 ಡಿಗ್ರಿ ಇದ್ದರೆ ಒಂದು ಸ್ವೆಟರ್ ಸಾಕು. ಲಡಾಖ್, ಕಾಶ್ಮೀರ, ಹಿಮಾಚಲದವರು ಕೇಳಿ ಕೇಳಿ ತಗೋಬೇಕು. ಇಲ್ಲಿಯವರು ಅದಕ್ಕೆ ಕೊಡೋ ದುಡ್ಡನ್ನು ಒಳ್ಳೇ ಗಾಜಿಗೆ ಕೊಟ್ಟರೆ ಲಾಭ. ಗಾಜಿನ ವಿಷಯ ಆಮೇಲೆ ಹೇಳ್ತೀನಿ. ನಾವು ಅಲ್ಲಿ ಇನ್ನೂ ಎರಡು ಕೆಲಸ ಮಾಡ್ತೀವಿ. ಒಂದು, ಗಾಳಿ ಕಾಯಿಸೋ ಬದಲು ಮೈ ಕಾಯಿಸೋದು. ಸೀಟಿನೊಳಗಿನ ತಂತಿಗೆ 50ರಿಂದ 100 ವ್ಯಾಟ್ ಸಾಕು. ಬೆನ್ನು, ಕೈ ಬೆಚ್ಚಗಿದ್ದರೆ ಗಾಳಿ 17, 18 ಡಿಗ್ರಿ ಇದ್ದರೂ ಚಳಿ ಅನ್ನಿಸೋದಿಲ್ಲ. ಎರಡನೇದು, ಹೊರಡೋ ಮುಂಚೆ, ಕಾರು ಗೋಡೆಯ ಪ್ಲಗ್ಗಿನಲ್ಲಿ ಇರುವಾಗಲೇ ಒಳಗನ್ನು ಬೆಚ್ಚಗೆ ಮಾಡಿಕೊಳ್ಳೋದು. ಸ್ವೀಡನ್, ಫಿನ್ಲೆಂಡಿನ ಪಾರ್ಕಿಂಗ್ ಜಾಗಗಳಲ್ಲಿ ಕಂಬ ಕಂಬಕ್ಕೂ ಪ್ಲಗ್ ಪಾಯಿಂಟ್ ಇರುತ್ತೆ. ಎಲೆಕ್ಟ್ರಿಕ್ ಕಾರಿಗೆ ಅಂತ ಹಾಕಿದ್ದಲ್ಲ. ಪೆಟ್ರೋಲ್ ಕಾರಿನ ಎಂಜಿನ್ನು ಬೆಳಿಗ್ಗೆ ಹೆಪ್ಪುಗಟ್ಟದೆ ಸ್ಟಾರ್ಟ್ ಆಗಲಿ ಅಂತ, ಅದಕ್ಕೆ ಸಣ್ಣ ಹೀಟರ್ ಹಚ್ಚೋಕೆ ಎಷ್ಟೋ ದಶಕಗಳ ಹಿಂದೆ ಹಾಕಿದ್ದು.

— ಬಸ್ಸುಗಳು ಏನು ಮಾಡ್ತವೆ? ನಮ್ಮ ಕೆ.ಎಸ್.ಆರ್.ಟಿ.ಸಿ. ಮೈಸೂರಿಗೆ ಎಲೆಕ್ಟ್ರಿಕ್ ಬಸ್ ಬಿಟ್ಟಿದೆ. ಪೂರ್ತಿ ಎ.ಸಿ.

— ಇ.ವಿ. ಪವರ್ ಪ್ಲಸ್. 43 ಸೀಟು. ಒಬ್ಬ ಮನುಷ್ಯ ಸುಮ್ಮನೆ ಕೂತಿದ್ದರೂ ಸುಮಾರು 100 ವ್ಯಾಟ್ ಶಾಖ ಬಿಡ್ತಾನೆ. 43 ಜನ ಅಂದರೆ ನಾಲ್ಕು ಕಿಲೋವ್ಯಾಟಿಗೂ ಮೇಲೆ, ಬಿಸಿಲು ಲೆಕ್ಕಕ್ಕೆ ಹಿಡಿಯದೆ. ಆ ಎ.ಸಿ. ಮೊದಲು ಪ್ರಯಾಣಿಕರ ಮೈಶಾಖವನ್ನೇ ಹೊರಗೆ ಹಾಕಬೇಕು. ಚಳಿ ದೇಶದಲ್ಲಿ ಆ ಮೈಶಾಖ ಉಪಕಾರಕ್ಕೆ ಬರುತ್ತೆ, ಆದರೆ ನಿಲ್ದಾಣ ನಿಲ್ದಾಣಕ್ಕೂ ಬಾಗಿಲು ತೆಗೆದು ಅಷ್ಟೂ ಹೊರಗೆ ಹೋಗುತ್ತೆ. ಸ್ವೀಡನ್, ಜರ್ಮನಿಯಲ್ಲಿ ಎಷ್ಟೋ ಎಲೆಕ್ಟ್ರಿಕ್ ಬಸ್ಸುಗಳು ಒಳಗು ಬೆಚ್ಚಗಿಡೋಕೆ ಮಾತ್ರ ಒಂದು ಸಣ್ಣ ಡೀಸೆಲ್ ಹೀಟರ್ ಇಟ್ಟುಕೊಂಡಿವೆ. ಓಡೋದು ಕರೆಂಟಿನಲ್ಲಿ, ಕಾಯಿಸೋದು ಡೀಸೆಲ್ಲಿನಲ್ಲಿ. ಹೀಟ್ ಪಂಪ್ ಇನ್ನೂ ಸುಧಾರಿಸೋ ತನಕ ಅದೊಂದು ದಾರಿ.

— ಗಾಜಿನ ವಿಷಯ ಅಂದೆಯಲ್ಲ?

— ಹೌದು, ನನಗೆ ಬಹಳ ಬೇಸರ ತರೋ ವಿಷಯ ಅದು. ಕಾರಿನೊಳಕ್ಕೆ ಶಾಖ ಎಲ್ಲಿಂದ ಬರುತ್ತೆ ಅಂತ ನೋಡಿದರೆ, ನಮ್ಮ ಊರುಗಳಲ್ಲಿ ದೊಡ್ಡ ಪಾಲು ಬಿಸಿಲಿನದ್ದು. ನೆತ್ತಿ ಮೇಲಿನ ಸೂರ್ಯ ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಸುರಿಯುತ್ತೆ. ಬಳ್ಳಾರಿಯಲ್ಲಿ ಮೇ ತಿಂಗಳು ಹುಟ್ಟೋ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಗೇ ಬರುತ್ತೆ. ಕಾರಿಗೆ ಕಬ್ಬಿಣದ ಛಾವಣಿ ಇದ್ದು, ಅದರಡಿ ಒಳ್ಳೇ ಪದರ ಹಾಕಿದ್ದರೆ ಬಹಳಷ್ಟು ತಡೆಯಬಹುದು. ನಾವು ಏನು ಮಾಡಿದ್ದೀವಿ? ಛಾವಣಿ ಕೊಯ್ದು ಗಾಜು ಹಾಕಿಸಿಕೊಳ್ತಾ ಇದ್ದೀವಿ. ಸನ್‌ರೂಫ್ ಇಲ್ಲದ ಗಾಡಿ ಮಾರೋದೇ ಕಷ್ಟ ಅಂತ ಷೋರೂಮಿನವರು ಹೇಳ್ತಾರೆ. ಬಿಸಿಲೇ ಅಪರೂಪವಾದ ದೇಶದಲ್ಲಿ ಬೆಳಕಿನ ಆಸೆಗೆ ಮಾಡಿಕೊಂಡ ಏರ್ಪಾಡು ಅದು. ನವೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗೋ ನಮ್ಮ ಗೋಥೆನ್‌ಬರ್ಗಿನಲ್ಲಿ ಅದಕ್ಕೊಂದು ಅರ್ಥ ಇದೆ. ಕಲಬುರಗಿ, ರಾಯಚೂರಿನಲ್ಲಿ ಬ್ಯಾಟರಿ ಖರ್ಚು ಮಾಡಿ ಆ ಗಾಜಿನ ಶಾಖವನ್ನು ಹೊರಗೆ ಹಾಕೋದು ನ್ಯಾಯವಲ್ಲ.

— ನಮ್ಮದರಲ್ಲೂ ಇದೆ. ನಿಮ್ಮ ಚಿಕ್ಕಮ್ಮನೇ ಬೇಕು ಅಂದದ್ದು.

— ಇರಲಿ, ಒಳಗಿನ ಪರದೆ ಎಳೆದುಕೊಂಡು ಓಡಿಸಿ. ಮುಂದಿನ ಗಾಜಿಗೆ, ನಿಲ್ಲಿಸಿದಾಗ ಬೆಳ್ಳಿ ಬಣ್ಣದ ಹಾಳೆ ಒಡ್ಡಿ. ಬಣ್ಣವೂ ಲೆಕ್ಕಕ್ಕೆ ಬರುತ್ತೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ಪ್ರಯೋಗಾಲಯದವರು 2011ರಲ್ಲಿ ಒಂದೇ ಮಾದರಿಯ ಎರಡು ಕಾರು, ಒಂದು ಕಪ್ಪು, ಒಂದು ಬೆಳ್ಳಿ, ಬಿಸಿಲಿಗೆ ನಿಲ್ಲಿಸಿ ನೋಡಿದರು. ಬೆಳ್ಳಿ ಬಣ್ಣದ ಕಾರಿನೊಳಗಿನ ಗಾಳಿ ಐದಾರು ಡಿಗ್ರಿ ತಣ್ಣಗಿತ್ತು. ಬರೀ ಬಣ್ಣದಿಂದ.

— ಸನ್ ಫಿಲ್ಮ್ ಹಾಕಿಸೋಣ ಅಂದರೆ ಪೊಲೀಸರು ಹಿಡೀತಾರೆ.

— 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮಿಗೆ ತಡೆ ಹಾಕಿತು, ಅದು ಸುರಕ್ಷತೆಯ ಕಾರಣಕ್ಕೆ. ಮುಂದಿನ, ಹಿಂದಿನ ಗಾಜು 70 ಶೇಕಡಾ, ಪಕ್ಕದ್ದು 50 ಶೇಕಡಾ ಬೆಳಕು ಬಿಡಬೇಕು ಅಂತ ನಿಯಮ. ನಾನು ಅದರ ವಿರುದ್ಧ ಮಾತಾಡೋದಿಲ್ಲ. ಆದರೆ ಆ ನಿಯಮ ಅಳೆಯೋದು ಕಣ್ಣಿಗೆ ಕಾಣೋ ಬೆಳಕನ್ನು ಮಾತ್ರ. ಬಿಸಿಲಿನ ಶಕ್ತಿಯಲ್ಲಿ ಅರ್ಧದಷ್ಟು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳದ್ದು. ಬೆಳಕು ಬಿಟ್ಟು ಆ ಕಿರಣವನ್ನಷ್ಟೇ ತಡೆಯೋ ಗಾಜು ಕಾರ್ಖಾನೆಯಲ್ಲೇ ತಯಾರಾಗುತ್ತೆ. ಕಾರು ಕೊಳ್ಳೋವಾಗ ಕೇಳಬೇಕಾದದ್ದು ಅದನ್ನು. ಯಾರೂ ಕೇಳೋದಿಲ್ಲ, ಅದಕ್ಕೇ ಕಮ್ಮಿ ಬೆಲೆಯ ಗಾಡಿಗೆ ಅದನ್ನು ಯಾರೂ ಹಾಕೋದೂ ಇಲ್ಲ.

— ಬಿಸಿಲಲ್ಲಿ ನಿಂತ ಕಾರು ಹತ್ತಿದ ಕೂಡಲೇ ನಾನು ಎ.ಸಿ. ಫುಲ್ ಇಟ್ಟು, ಗಾಜೆಲ್ಲ ಮುಚ್ತೀನಿ. ಅದು ಸರೀನಾ?

— ಮೊದಲು ನಾಲ್ಕೂ ಗಾಜು ಇಳಿಸಿ ಒಂದು ನಿಮಿಷ ಓಡಿಸಿ. ಒಳಗಿರೋದು ಮೂರು ಘನ ಮೀಟರ್ ಗಾಳಿ, ಮೂರೂವರೆ ಕೆ.ಜಿ. ತೂಕ. 60 ಡಿಗ್ರಿಯ ಆ ಗಾಳಿಯನ್ನು ಕಿಟಕಿಯಿಂದ ಪುಕ್ಕಟೆ ಹೊರಗೆ ಹಾಕಿದರೆ 40 ಡಿಗ್ರಿಯದ್ದು ಬಂದು ತುಂಬುತ್ತೆ. ನಿಜವಾದ ಕಷ್ಟ ಗಾಳಿಯದ್ದಲ್ಲ. ಗಾಳಿ ಹಿಡಿದಿಟ್ಟುಕೊಳ್ಳೋ ಶಾಖ ಬಹಳ ಕಮ್ಮಿ. ಡ್ಯಾಷ್‌ಬೋರ್ಡು, ಸೀಟು, ಸ್ಟಿಯರಿಂಗು, ನೆಲದ ರಬ್ಬರು, ಇವು ಬೆಳಗಿನಿಂದ ಕುಡಿದ ಶಾಖವನ್ನು ಅರ್ಧ ಗಂಟೆ ಬಿಡ್ತಾನೇ ಇರುತ್ತವೆ. ಮೂಗಿಗೆ ತಣ್ಣನೆ ಗಾಳಿ ಬಡಿದರೂ ಬೆನ್ನು ಬೆವರೋದು ಅದಕ್ಕೇ. ಗಾಜು ಏರಿಸಿದ ಮೇಲೆ ಒಳಗಿನ ಗಾಳಿಯನ್ನೇ ಸುತ್ತಿಸೋ ಬಟನ್ ಒತ್ತಿ, 40ರ ಗಾಳಿಯನ್ನು ತಣಿಸೋ ಬದಲು 28ರ ಗಾಳಿಯನ್ನು ತಣಿಸಿದರೆ ಸಾಕಲ್ಲ. ಅರ್ಧ ಗಂಟೆಗೊಮ್ಮೆ ಸ್ವಲ್ಪ ಹೊರಗಿನ ಗಾಳಿ ಬಿಡಿ. ನಾಲ್ಕೈದು ಜನ ಮುಚ್ಚಿದ ಕಾರಿನಲ್ಲಿ ಉಸಿರಾಡ್ತಾ ಇದ್ದರೆ ಓಡಿಸೋರಿಗೆ ತೂಕಡಿಕೆ ಬರುತ್ತೆ.

— ಮಂಗಳೂರಿಗೆ ಹೋದಾಗ ಕಾರಿನಡಿ ನೀರು ತೊಟ್ಟಿಕ್ಕಿ ಒಂದು ಸಣ್ಣ ಹೊಂಡವೇ ಆಗಿತ್ತು. ಬಳ್ಳಾರಿಯಲ್ಲಿ ಒಂದು ಹನಿಯೂ ಇಲ್ಲ. ಕಾರು ಕೆಟ್ಟಿದೆಯೇನೋ ಅಂದುಕೊಂಡೆ.

— ಆ ನೀರು ಕರಾವಳಿಯ ಗಾಳಿಯೊಳಗಿನ ತೇವ. ಎ.ಸಿ.ಯ ತಣ್ಣನೆ ಕಾಯಿಲ್ ತಾಗಿದಾಗ ಹನಿಗಟ್ಟುತ್ತೆ. ಆವಿ ನೀರಾಗುವಾಗ ತನ್ನ ಶಾಖವನ್ನು ಅಲ್ಲೇ ಬಿಡುತ್ತೆ, ಒಂದು ಲೀಟರ್ ನೀರಿಗೆ ಸುಮಾರು 0.7 ಯೂನಿಟ್ ಶಾಖ. ಅದನ್ನೂ ಎ.ಸಿ. ಹೊತ್ತು ಹೊರಗೆ ಹಾಕಬೇಕು. ಅದಕ್ಕೇ 33 ಡಿಗ್ರಿಯ ಮಂಗಳೂರಿನಲ್ಲಿ ಎ.ಸಿ.ಗೆ 40 ಡಿಗ್ರಿಯ ಬಳ್ಳಾರಿಗಿಂತ ಕಮ್ಮಿ ಕೆಲಸ ಏನೂ ಇರೋದಿಲ್ಲ. ಆ ಹೊಂಡ ನೋಡಿದರೆ ನಿಮ್ಮ ಬ್ಯಾಟರಿ ಏನು ಮಾಡ್ತಾ ಇತ್ತು ಅಂತ ಗೊತ್ತಾಗುತ್ತೆ.

— ಇನ್ನೊಂದು. ಹಿರಿಯೂರಲ್ಲಿ ಚಾರ್ಜಿಗೆ ಹಾಕಿದಾಗ ಗಾಡಿ ಆಫ್ ಆಗಿದ್ದರೂ ಮುಂದೆ ಫ್ಯಾನು ಭರ್ರಂತ ತಿರುಗ್ತಿರುತ್ತೆ. ಅಲ್ಲೂ ಎ.ಸಿ.ನಾ?

— ಅದೇ ಎ.ಸಿ., ಬ್ಯಾಟರಿಗೆ. ವೇಗದ ಚಾರ್ಜಿಂಗಿನಲ್ಲಿ ಬ್ಯಾಟರಿ ಕಾಯುತ್ತೆ, 40 ಡಿಗ್ರಿ ಬಿಸಿಲಲ್ಲಿ ಬರೀ ಗಾಳಿಯಿಂದ ಅದು ತಣಿಯೋದಿಲ್ಲ. ನಿಮ್ಮನ್ನು ತಂಪಾಗಿಡೋ ಕಂಪ್ರೆಸರೇ ಅದರ ನೀರನ್ನೂ ತಣಿಸಬೇಕು. ಆ ಹೊತ್ತಿನಲ್ಲಿ ಒಳಗೆ ಕೂತು 18ಕ್ಕೆ ಇಟ್ಟರೆ ಇಬ್ಬರಿಗೂ ಸಾಲದೆ ಚಾರ್ಜಿಂಗ್ ನಿಧಾನವಾಗಬಹುದು. 25ಕ್ಕೆ ಇಡಿ, ನೆರಳಿರೋ ಚಾರ್ಜರ್ ಹುಡುಕಿ. ನಮ್ಮಲ್ಲಿ ಚಾರ್ಜರಿಗೆ ಒಂದು ತಗಡಿನ ಮಾಡು ಹಾಕೋದಕ್ಕೂ ಯಾಕೆ ಇಷ್ಟು ಜಿಪುಣತನವೋ ನನಗೆ ಅರ್ಥವಾಗಿಲ್ಲ.

— ಇಷ್ಟೆಲ್ಲ ಇದ್ದಮೇಲೆ, ಕೊಳ್ಳುವಾಗ ಒಂದು ಕಾಗದದಲ್ಲಿ ಬರೆದುಕೊಡಬಹುದಿತ್ತಲ್ಲ. ಅವರು ಹೇಳೋದು ರೇಂಜ್ ಒಂದೇ.

— ಆ ರೇಂಜ್ ಹೇಗೆ ಅಳೀತಾರೆ ಗೊತ್ತಾ? ಯುರೋಪಿನ ಪರೀಕ್ಷೆಯಲ್ಲಿ ಪ್ರಯೋಗಾಲಯದ ಒಳಗೆ, 23 ಡಿಗ್ರಿಯಲ್ಲಿ, ಎ.ಸಿ., ಹೀಟರ್ ಎರಡೂ ಆಫ್. ಅಮೆರಿಕದವರು ಸ್ವಲ್ಪ ಮೇಲು. ಎ.ಸಿ. ಹಾಕಿ 35 ಡಿಗ್ರಿಯಲ್ಲಿ ಒಂದು ಪರೀಕ್ಷೆ, ಮೈನಸ್ 7ರಲ್ಲಿ ಒಂದು. ಅದನ್ನು ಮಾಡದ ಕಂಪನಿ ಪ್ರಯೋಗಾಲಯದ ರೇಂಜನ್ನು 0.7ರಿಂದ ಗುಣಿಸಿ ಹೇಳಬೇಕು. ನನ್ನ ಕೇಳಿದರೆ ಸ್ಟಿಕ್ಕರಿನಲ್ಲಿ ಎರಡು ಸಾಲು ಇರಬೇಕು. ಕಿ.ಮೀ.ಗೆ ಎಷ್ಟು, ಗಂಟೆಗೆ ಎಷ್ಟು. 40 ಡಿಗ್ರಿ ಬಿಸಿಲಲ್ಲಿ ಈ ಕಾರಿನ ಎ.ಸಿ.ಗೆ ಗಂಟೆಗೆ ಇಷ್ಟು ಯೂನಿಟ್ ಅಂತ ಬರೆದಿದ್ದರೆ, ನೀವು ಹಿರಿಯೂರಲ್ಲಿ ಗಾಬರಿಯಾಗ್ತಿರಲಿಲ್ಲ. ಗಾಜು ಒಳ್ಳೇದು ಹಾಕಿದ ಕಂಪನಿಯ ಅಂಕಿ ಕಮ್ಮಿ ಇರ್ತಿತ್ತು, ಜನಕ್ಕೆ ವ್ಯತ್ಯಾಸ ಕಾಣ್ತಿತ್ತು.

— ನನ್ನಂಥವನಿಗೆ ನೀನು ಹೇಳಿದ ಮೇಲೆ ಹೆದರಿಕೆ ಹೋಯ್ತು. ಆದರೆ ನಮ್ಮ ಅಪಾರ್ಟ್‌ಮೆಂಟಿಗೆ ದಿನಾ ಎಲೆಕ್ಟ್ರಿಕ್ ಕ್ಯಾಬುಗಳು ಬರ್ತವೆ. ಗೇಟಿನ ಹೊರಗೆ ಮಧ್ಯಾಹ್ನ ಹೊತ್ತು ಗಾಜು ಇಳಿಸಿ, ಟವೆಲ್ಲಿನಿಂದ ಮುಖ ಒರೆಸಿಕೊಳ್ತಾ ಕೂತಿರ್ತಾರೆ. ಅವರೂ ನನ್ನ ಹಾಗೇ ಸುಮ್ಮಸುಮ್ಮನೆ ಹೆದರಿದ್ದಾರಾ?

— ಇಲ್ಲ ಚಿಕ್ಕಪ್ಪ. ಅವರ ಹೆದರಿಕೆ ನಿಜ. ನೀವು ದಿನಕ್ಕೆ ಒಂದು ಗಂಟೆ ಕಾರಿನಲ್ಲಿ ಇರ್ತೀರಿ. ಅವರು ಹನ್ನೆರಡು ಗಂಟೆ ಇರ್ತಾರೆ. ಗಂಟೆ ಲೆಕ್ಕದ ಖರ್ಚು ಪೂರ್ತಿ ಬೀಳೋದು ಅವರ ಮೇಲೆ. ಬ್ಯಾಟರಿಯೂ ಸಣ್ಣದು, 20ರಿಂದ 25 ಯೂನಿಟ್. 2001ರಲ್ಲಿ ಇದೇ ಬೆಂಗಳೂರಿನಲ್ಲಿ ಬಂದ ರೇವಾಕ್ಕೆ ಸೀಸದ ಬ್ಯಾಟರಿ, ಹತ್ತು ಯೂನಿಟ್ಟಿನ ಒಳಗೆ. ಅದಕ್ಕಿಂತ ಮುಂದೆ ಬಂದಿದ್ದೀವಿ ನಿಜ. ಆದರೆ ಹತ್ತು ಗಂಟೆ ಎ.ಸಿ. ಓಡಿದರೆ, ಗಂಟೆಗೆ 1.2ರಂತೆ ಹಿಡಿದರೂ 12 ಯೂನಿಟ್. ಅವರ ಬ್ಯಾಟರಿಯ ಅರ್ಧ. ಹೊರಗಿನ ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್ಟಿಗೆ 20 ರೂಪಾಯಿ ಹಿಡಿದರೆ ದಿನಕ್ಕೆ 240 ರೂಪಾಯಿ. ಅದರ ಜೊತೆಗೆ ಚಾರ್ಜಿಗೆ ನಿಂತ ಹೊತ್ತು, ಆ ಹೊತ್ತಿನಲ್ಲಿ ತಪ್ಪಿಹೋದ ಬಾಡಿಗೆ.

— ದಿನಕ್ಕೆ 240! ಅದು ಅವರ ಊಟ, ಮಕ್ಕಳ ಬಸ್ಸಿನ ದುಡ್ಡು.

— ಅದಕ್ಕೇ ಸವಾರಿ ಇದ್ದಾಗ ಮಾತ್ರ ಎ.ಸಿ. ಹಾಕ್ತಾರೆ. ಕಾಯೋ ಹೊತ್ತಿನಲ್ಲಿ 38 ಡಿಗ್ರಿಯಲ್ಲಿ ತಗಡಿನ ಒಳಗೆ ಕೂತಿರ್ತಾರೆ. ಬಾಡಿಗೆ ಲೆಕ್ಕ ಹಾಕೋರು ಕಿ.ಮೀ. ಎಣಿಸ್ತಾರೆ, ಕಾಯೋ ಗಂಟೆ ಎಣಿಸೋದಿಲ್ಲ. ಕಾಯೋ ಗಂಟೆಗೆ 25 ರೂಪಾಯಿ ಎ.ಸಿ. ಭತ್ಯೆ ಅಂತ ಬಾಡಿಗೆಯಲ್ಲಿ ಸೇರಿಸಿದರೆ ಈ ಖರ್ಚು ಪೂರ್ತಿ ಹುಟ್ಟುತ್ತೆ. ನಾವು ಪ್ರಯಾಣಿಕರು ಅದನ್ನು ಕೊಡೋಕೆ ಹಿಂದೆಮುಂದೆ ನೋಡಬಾರದು.

— ಭತ್ಯೆ ಬರೋ ಹೊತ್ತಿಗೆ ಎಷ್ಟು ಬೇಸಿಗೆ ಆಗುತ್ತೋ. ನಮ್ಮ ಬೇಸ್‌ಮೆಂಟಿನಲ್ಲಿ ವಿಸಿಟರ್ ಪಾರ್ಕಿಂಗ್ ಹತ್ತು ಇದೆ, ಮಧ್ಯಾಹ್ನ ಎಲ್ಲ ಖಾಲಿ. ಅಲ್ಲಿ 15 ಆಂಪಿಯರ್ ಪ್ಲಗ್ ಎರಡು ಹಾಕಿಸಿದರೆ?

— ಒಂದು ಪ್ಲಗ್ಗಿನಲ್ಲಿ ಮೂರು ಕಿಲೋವ್ಯಾಟ್ ಸಿಗುತ್ತೆ. ನೆರಳಲ್ಲಿ ನಿಂತ ಕಾರಿನ ಎ.ಸಿ.ಗೆ ಒಂದು ಹೋದರೂ ಬ್ಯಾಟರಿಗೆ ಎರಡು ಉಳಿಯುತ್ತೆ. ಗಂಟೆ ಕಾದರೆ 15 ಕಿ.ಮೀ. ಜಾಸ್ತಿ ಓಡಿಸಬಹುದು.

— ಕರೆಂಟ್ ಬಿಲ್ ಯಾರು ಕೊಡ್ತಾರೆ ಅಂತ ಅಸೋಸಿಯೇಷನ್ನಿನಲ್ಲಿ ಮೊದಲು ಕೇಳ್ತಾರೆ. ಟ್ರೆಷರರ್ ಒಂದು ಪೈಸೆ ಬಿಡೋ ಆಸಾಮಿ ಅಲ್ಲ.

— ಪ್ಲಗ್ಗಿಗೆ ಸಬ್‌ಮೀಟರ್ ಹಾಕಿಸಿ, ಅಸೋಸಿಯೇಷನ್ ಬೆಸ್ಕಾಂಗೆ ಕೊಡೋ ದರವನ್ನೇ ಡ್ರೈವರುಗಳಿಂದ ತಗೊಳ್ಳಿ. ಹೊರಗಿನ 20ಕ್ಕೆ ಹೋಲಿಸಿದರೆ ಅವರಿಗೆ ಅರ್ಧಕ್ಕಿಂತ ಕಮ್ಮಿ ಬೀಳಬಹುದು, ನಿಮಗೆ ನಷ್ಟ ಇಲ್ಲ. ಯು.ಪಿ.ಐ. ಸ್ಕ್ಯಾನರ್ ಗೋಡೆಗೆ ಅಂಟಿಸಿ, ಸೆಕ್ಯೂರಿಟಿಯವರು ರೀಡಿಂಗ್ ಬರೆದುಕೊಳ್ಳಲಿ.

— ಭಾನುವಾರ ಮೀಟಿಂಗ್ ಇದೆ. ಈ ಲೆಕ್ಕದ ಕಾಗದ ನನಗೆ ಬೇಕು. ಆ 12 ಯೂನಿಟ್, 240 ರೂಪಾಯಿದ್ದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಡು.